ಹೊರಗೆ ಕೂರುವವರ ಬೆಂಚು

ನಡುವಿನ ಕುರ್ಚಿಯಲ್ಲಿ ಕೂತು ಈಗಾಗಲೇ ಒಮ್ಮೆ ಗಡಿಯಾರ ನೋಡಿರುವ ಆಸ್ಪತ್ರೆ ಸಮಿತಿಯ ಮಾನ್ಯ ಅಧ್ಯಕ್ಷರೇ, ನಮ್ಮ ಪ್ರಾರ್ಥನೆಗಳನ್ನು ದೇವರಿಗೆ ತಲುಪಿಸುವ ಪೂಜ್ಯ ಪಾದ್ರಿಗಳೇ, ನಮ್ಮೂರಿನ ಅಧಿಕಾರಿಗಳೂ ಇಲ್ಲಿನ ಎಲ್ಲ ರಸ್ತೆಗಳ ಹೊಣೆ ಹೊತ್ತವರೂ ಆದ ಶ್ರೀ ತಾನಿಯೇಲ ಅವರೇ, ಹಿರಿಯ ಸರ್ಜನ್ ಡಾಕ್ಟರ್ ಫಿಫಿತಾ ಅವರೇ, ಆಸ್ಟ್ರೇಲಿಯಾದಿಂದ ಬಂದು ಮುಂದಿನ ಸಾಲಿನಲ್ಲಿ ಬೆವರುತ್ತಿರುವ ಇಬ್ಬರು ಅತಿಥಿ ವೈದ್ಯರೇ, ತುರ್ತು ಚಿಕಿತ್ಸಾ ವಿಭಾಗದ ಡಾಕ್ಟರ್ ಕಲೋಲೈನೆ... ನೀನು ನನ್ನ ಅಣ್ಣನ ಮಗಳು, ನಿನಗೆ ‘ಅವರೇ’ ಇಲ್ಲ, ಸುಮ್ಮನೆ ಕೂತಿರು. ಮತ್ತು ಹಿತ್ತಲಿನಿಂದ ಹಂದಿ ಬೇಯುವ ವಾಸನೆ ಬರುತ್ತಿದ್ದರೂ ಎದ್ದು ಹೋಗದೆ ಕೂತಿರುವ ನನ್ನ ಸಹನಶೀಲ ಸಭಿಕರೇ,

ಒಂದು ಬೆಂಚಿನ ಉದ್ಘಾಟನೆಗೆ ಭಾಷಣವೇ ಎಂದು ನಮ್ಮ ಯಜಮಾನರು ಬೆಳಿಗ್ಗೆ ನಕ್ಕರು. ನಗಲಿ. ಅವರು ಹೋದ ವರ್ಷ ಹೊಸ ದೋಣಿಯೊಂದನ್ನು ನೀರಿಗಿಳಿಸುವಾಗ ಎಷ್ಟು ಹೊತ್ತು ಮಾತನಾಡಿದರೆಂದರೆ, ಸಮುದ್ರ ಇಳಿದುಹೋಗಿ ದೋಣಿ ಮರಳಿನಲ್ಲೇ ಉಳಿಯಿತು. ನನ್ನ ಬೆಂಚಿಗೆ ಆ ಭಯವಿಲ್ಲ. ಮಕ್ಕಳ ತುರ್ತು ಕೋಣೆಯ ಬಾಗಿಲ ಪಕ್ಕದಲ್ಲಿ, ಮರದ ತೊಗಟೆಯ ಬಟ್ಟೆ ಹೊದಿಸಿ ಇಟ್ಟಿರುವುದೇ ಅದು. ಬಾಗಿಲ ಹೊರಗೆ ಎಂಬುದನ್ನು ಗಮನಿಸಿ. ಒಳಗಲ್ಲ, ಹೊರಗೆ. ಹೊರಗೆ ಯಾಕೆ? ಅದನ್ನು ಹೇಳುವುದಕ್ಕೇ ನಾನು ನಿಂತಿರುವುದು.

ಸಮಿತಿಯ ಕಾರ್ಯದರ್ಶಿಗಳು ನನಗೊಂದು ಚೀಟಿ ಬರೆದುಕೊಟ್ಟಿದ್ದಾರೆ. ಅದರಲ್ಲಿ ‘ಮಕ್ಕಳ ಅಪೆಂಡಿಕ್ಸ್ ಬಗ್ಗೆ ಎರಡು ಮಾತು’ ಎಂದಿದೆ. ನಾನು ಡಾಕ್ಟರಲ್ಲ. ನಾನು ಫೂಸಿ, ಚಾಪೆ ನೇಯುವವಳು, ಚರ್ಚಿನ ಹಾಡುಗಾರರಲ್ಲಿ ದಪ್ಪ ದನಿಯವಳು, ಎಲ್ಲಕ್ಕಿಂತ ಹೆಚ್ಚಾಗಿ ಸೋದರತ್ತೆ. ಆ ಮೂರನೆಯದರ ಅರ್ಥ ಇಲ್ಲಿ ಕೂತವರಿಗೆಲ್ಲ ಗೊತ್ತು. ಅತಿಥಿ ವೈದ್ಯರಿಗೆ ಮಾತ್ರ ಹೇಳಬೇಕು. ಕೇಳಿ ಸ್ವಾಮಿ, ನಮ್ಮ ಟೊಂಗಾದಲ್ಲಿ ಅಕ್ಕತಂಗಿಯರು ಅಣ್ಣತಮ್ಮಂದಿರಿಗಿಂತ ಮೇಲು. ಹಾಗಾಗಿ ಅಣ್ಣತಮ್ಮಂದಿರ ಮಕ್ಕಳಿಗೆ ನಮ್ಮ ಮಾತು ಅಂದರೆ ಮಾತು. ಅವರ ಮದುವೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಚಾಪೆ ನಮಗೆ. ಊಟದಲ್ಲಿ ಎತ್ತರದ ಜಾಗ ನಮಗೆ. ನಾವು ಕೂರು ಅಂದರೆ ಅವರು ಕೂರಬೇಕು, ಹೋಗು ಅಂದರೆ ಹೋಗಬೇಕು. ನಮಗೆ ‘ಎದ್ದು ಹೋಗಿ’ ಎನ್ನುವ ಗಂಡಾಗಲಿ ಹೆಣ್ಣಾಗಲಿ ಈ ದ್ವೀಪದಲ್ಲಿ ಹುಟ್ಟಿಲ್ಲ. ಹುಟ್ಟಿಲ್ಲ ಎಂದೇ ನಾನೂ ತಿಳಿದಿದ್ದೆ.

ಹೋದ ವರ್ಷದ ಮಕ್ಕಳ ಭಾನುವಾರ ನಿಮಗೆ ನೆನಪಿದೆಯೇ? ನೆನಪಿಲ್ಲದೆ ಏನು? ಮಕ್ಕಳೆಲ್ಲ ಬಿಳಿ ಬಟ್ಟೆ ತೊಟ್ಟು, ಮರ್ಯಾದೆಗೆಂದು ಸೊಂಟಕ್ಕೆ ಚಾಪೆ ಸುತ್ತಿಕೊಂಡು, ಚರ್ಚಿನಲ್ಲಿ ಬೈಬಲ್ಲಿನ ಸಾಲುಗಳನ್ನು ಒಪ್ಪಿಸುವ ದಿನ. ನನ್ನ ತಮ್ಮ ಮೋಸೇಸೆಯೂ ಅವನ ಹೆಂಡತಿಯೂ ಹಣ್ಣು ಕೀಳುವ ಕೆಲಸಕ್ಕೆಂದು ಆಸ್ಟ್ರೇಲಿಯಾಕ್ಕೆ ಹೋಗಿದ್ದರು. ಮಗಳು ಲೂಪೆಯನ್ನು ನನ್ನ ಕೈಗೆ ಒಪ್ಪಿಸಿದ್ದರು. ಅದೋ, ಎರಡನೇ ಸಾಲಿನಲ್ಲಿ ಕೂತು ಏನನ್ನೋ ಜಗಿಯುತ್ತಿದ್ದಾಳಲ್ಲ, ಅವಳೇ. ಲೂಪೆ, ಊಟಕ್ಕೆ ಮುಂಚೆ ಏನೇ ಅದು?

ಆ ಬೈಬಲ್ಲಿನ ಸಾಲುಗಳನ್ನು ನಾನು ಅವಳಿಗೆ ತಿಂಗಳುಗಟ್ಟಲೆ ಬಾಯಿಪಾಠ ಮಾಡಿಸಿದ್ದೆ. ನನ್ನ ಅಜ್ಜಿ ನೇಯ್ದ ಸೊಂಟದ ಚಾಪೆಯನ್ನು ಪೆಟ್ಟಿಗೆಯಿಂದ ತೆಗೆದು, ಬಿಸಿಲಿಗೆ ಹಾಕಿ, ಬೆಳಿಗ್ಗೆ ನಾನೇ ಅವಳಿಗೆ ಬಿಗಿಯಾಗಿ ಕಟ್ಟಿದೆ. ಕಟ್ಟುವಾಗ ಅವಳು ‘ಹಾಂ’ ಎಂದು ಸಣ್ಣಗೆ ಉಸಿರೆಳೆದಳು. ನಾನು, ‘ಹೊಟ್ಟೆ ಒಳಗೆ ಎಳ್ಕೊಳ್ಳೇ, ನಮ್ಮ ಮನೆತನದವ್ರು ಮಕ್ಕಳ ಭಾನುವಾರ ಸೊಂಟ ಸಡಿಲ ಬಿಟ್ಟೋರಲ್ಲ’ ಅಂದೆ. ಚರ್ಚಿನಲ್ಲಿ ಅವಳ ಸರದಿ ಬಂತು. ಒಂದಕ್ಷರ ತಪ್ಪಲಿಲ್ಲ! ಆದರೆ ಬಲಗಡೆಗೆ ಸ್ವಲ್ಪ ಬಾಗಿ ನಿಂತೇ ಹೇಳಿದಳು. ಪಾದ್ರಿಗಳೇ, ನೀವು ಆಗ ಏನಂದಿರಿ? ‘ನೋಡಿ, ಎಂಥ ವಿನಯ! ದೇವರ ಮುಂದೆ ಮಗು ಬೆನ್ನು ಬಗ್ಗಿಸಿ ನಿಂತಿದೆ’ ಅಂದಿರಿ. ಊರಿಗೆ ಊರೇ ನನ್ನ ಕಡೆ ತಿರುಗಿ ನೋಡಿತು. ನಾನು ಹಿಗ್ಗಿ ಹೀರೇಕಾಯಿಯಾದೆ. ಮೊಬೈಲ್ ಎತ್ತಿ ಹಿಡಿದು ಆ ವಿನಯವನ್ನೆಲ್ಲ ತಮ್ಮನಿಗೆ ವಿಡಿಯೋ ಮಾಡಿ ಕಳಿಸಿದೆ.

ಆಮೇಲೆ ಊಟ. ಆ ದಿನ ಮೊದಲ ಪಂಕ್ತಿ ಮಕ್ಕಳದು, ದೊಡ್ಡವರು ಬಡಿಸುವವರು. ಕೆಂಡದಲ್ಲಿ ಸುಟ್ಟ ಎಳೆ ಹಂದಿ, ಕೆಸುವಿನೆಲೆಯಲ್ಲಿ ತೆಂಗಿನಹಾಲಿನೊಂದಿಗೆ ಬೇಯಿಸಿದ ಮಾಂಸ, ಗೆಣಸು, ಕಲ್ಲಂಗಡಿ. ಲೂಪೆಗೆ ಹಂದಿಯ ಗರಿಗರಿ ಚರ್ಮ ಅಂದರೆ ಪ್ರಾಣ. ಅದನ್ನು ನಾನೇ ಆರಿಸಿ ಅವಳ ತಟ್ಟೆಗೆ ಹಾಕಿದೆ. ಅವಳೋ ಅದನ್ನೆತ್ತಿ ಪಕ್ಕದ ಹುಡುಗಿಯ ತಟ್ಟೆಗೆ ಹಾಕಿದಳು! ಸಭಿಕರೇ, ನಮ್ಮ ಮನೆಯ ಮಗು ಹಂದಿಯ ಚರ್ಮವನ್ನು ಬೇರೆಯವರಿಗೆ ಕೊಡುವುದೆಂದರೇನು? ‘ಓದಿದ್ದು ತಲೆಗೆ ಹತ್ತಿದೆ, ದಾನಬುದ್ಧಿ ಬಂದಿದೆ’ ಎಂದು ನಾನು ಅದಕ್ಕೂ ಹೆಮ್ಮೆಪಟ್ಟೆ. ಆ ಹೆಮ್ಮೆ ಮುಗಿಯುವುದರೊಳಗೆ ಅವಳು ಪಾದ್ರಿಗಳ ಹೊಸ ಚಪ್ಪಲಿಯ ಮೇಲೆ ವಾಂತಿ ಮಾಡಿದಳು. ಪಾದ್ರಿಗಳೇ, ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ಮೈ ಮುಟ್ಟಿದರೆ ಬೆಚ್ಚಗಿತ್ತು. ನಮ್ಮ ಯಜಮಾನರು ಟ್ರಕ್ ತೆಗೆದರು. ಶ್ರೀ ತಾನಿಯೇಲ ಅವರೇ, ನಿಮ್ಮ ರಸ್ತೆಯ ವಿಷಯ ಈಗ ಬರುತ್ತದೆ, ಸ್ವಲ್ಪ ಗಟ್ಟಿಯಾಗಿ ಕೂತುಕೊಳ್ಳಿ. ನಮ್ಮೂರಿನಿಂದ ಆಸ್ಪತ್ರೆಯವರೆಗೆ ಗುಂಡಿಗಳ ನಡುವೆ ಅಲ್ಲಲ್ಲಿ ರಸ್ತೆ ಇದೆ. ಒಂದೊಂದು ಗುಂಡಿಗೆ ಇಳಿದಾಗಲೂ ಮಗು ತುಟಿ ಕಚ್ಚಿ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು. ನಾನು ಯಜಮಾನರಿಗೆ, ‘ಕಣ್ಣು ಎಲ್ಲಿಟ್ಕೊಂಡು ಓಡಿಸ್ತಿದೀರಿ, ನನ್ನ ಕೊಡೆ ಮುರೀತು’ ಎಂದು ಬೈಯುತ್ತಲೇ ಇದ್ದೆ. ಮಗುವಿನ ತುಟಿಗಿಂತ ನನ್ನ ಕೊಡೆ ನನಗೆ ಕಂಡಿತು ನೋಡಿ.

ತುರ್ತು ಕೋಣೆಗೆ ಹೋದರೆ ಅಲ್ಲಿ ಯಾರು? ಇವಳೇ, ಕಲೋಲೈನೆ. ಸಣ್ಣವಳಿದ್ದಾಗ ನನ್ನ ಕೋಳಿಗಳಿಗೆ ಬ್ಯಾಂಡೇಜು ಕಟ್ಟಿ ನನ್ನಿಂದ ಬೈಸಿಕೊಂಡವಳು. ನಾನು ಹೋಗಿ ಹಾಸಿಗೆಯ ಪಕ್ಕದ ಒಂದೇ ಒಂದು ಕುರ್ಚಿಯಲ್ಲಿ ಕೂತೆ. ಅದು ಡಾಕ್ಟರ ಕುರ್ಚಿಯೆಂದು ಆಮೇಲೆ ತಿಳಿಯಿತು.

‘ಲೂಪೆ, ಎಲ್ಲಿ ನೋವು ಪುಟ್ಟಿ?’ ಎಂದಳು.

‘ನೋವೇನಿಲ್ಲ. ಹಸಿ ಮಾವಿನಕಾಯಿ ತಿಂದಿದಾಳೆ’ ಅಂದೆ.

‘ಅತ್ತೆ, ನಾನು ಅವಳನ್ನ ಕೇಳಿದ್ದು.’

‘ಅವಳ ಬದಲು ನಾನು ಹೇಳ್ತಿದೀನಿ. ಏನೀಗ?’

‘ಊಟ ಮಾಡಿದ್ಯಾ ಲೂಪೆ?’

‘ಮಾಡಿದ್ಲು. ಸ್ವಲ್ಪ ದಾನ ಮಾಡಿದ್ಲು.’

ಹೊಟ್ಟೆ ನೋಡಬೇಕು ಎಂದು ಚಾಪೆಯ ಹಗ್ಗಕ್ಕೆ ಕೈ ಹಾಕಿದಳು. ಮಗು ಎರಡೂ ಕೈಯಲ್ಲಿ ಚಾಪೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ನನ್ನ ಮುಖ ನೋಡಿತು. ಹಿರಿಯರ ಎದುರಿಗೆ ಸೊಂಟದ ಚಾಪೆ ಬಿಚ್ಚುವುದುಂಟೇ? ಅದೂ ಸೋದರತ್ತೆಯ ಎದುರಿಗೆ? ಅದೂ ನನ್ನ ಅಜ್ಜಿಯ ಚಾಪೆ! ‘ಮೇಲಿಂದಾನೇ ಒತ್ತಿ ನೋಡಮ್ಮ’ ಎಂದು ಉದಾರವಾಗಿ ಅಪ್ಪಣೆ ಕೊಟ್ಟೆ. ಪಾಪ, ಒತ್ತಿದಳು. ಚಾಪೆಗೆ ನೋವೇನೂ ಇರಲಿಲ್ಲ.

ಆಮೇಲೆ ಇವಳು, ‘ಲೂಪೆ, ನಿಂತ್ಕೊಂಡು ಒಂದ್ಸಲ ಹಾರು ನೋಡೋಣ’ ಅಂದಳು. ಇದೆಂಥ ವೈದ್ಯ ಎಂದು ನನಗೆ ನಗು ಬಂತು. ಮಗು ಮತ್ತೆ ನನ್ನ ಕಡೆ ನೋಡಿತು. ನಾನು, ‘ಹಾರೇ, ಹೇಳ್ತಿಲ್ವಾ?’ ಅಂದೆ. ಹಾರಿತು. ‘ನೋವಾಯ್ತಾ?’ ‘ಇಲ್ಲ.’ ‘ನೋಡಿದ್ಯಾ,’ ಅಂದೆ ನಾನು, ‘ಬರೀ ಗ್ಯಾಸು. ಮನೆಗೆ ಕರ್ಕೊಂಡು ಹೋಗ್ತೀನಿ. ಇನ್ನೂ ಕಲ್ಲಂಗಡಿ ಹಾಗೇ ಇದೆ.’

ಅತಿಥಿ ವೈದ್ಯರೇ, ನೀವು ಪರೀಕ್ಷೆಗಳಲ್ಲಿ ಏನೇನೋ ಓದಿರುತ್ತೀರಿ. ಅಪೆಂಡಿಕ್ಸ್ ಊದಿದ ಮಗು ಹಾರಲು ಒಪ್ಪುವುದಿಲ್ಲ ಎಂದು ಓದಿರುತ್ತೀರಿ. ಸೋದರತ್ತೆ ಹೇಳಿದರೆ ಹಾರುತ್ತದೆ ಎಂದು ನಿಮ್ಮ ಪುಸ್ತಕದಲ್ಲಿ ಬರೆದಿದೆಯೇ? ಬರೆದಿಲ್ಲದಿದ್ದರೆ ಬರೆದುಕೊಳ್ಳಿ.

ಇವಳು ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರನ್ನು, ‘ಮಾವ, ದಾರೀಲಿ ಬರೋವಾಗ ಹೇಗಿದ್ಲು?’ ಎಂದು ಕೇಳಿದಳು. ಇಪ್ಪತ್ತು ವರ್ಷದಿಂದ ನನ್ನ ಮಾತಿಗೆ ಎದುರು ಬಾಯಿ ತೆಗೆಯದ ಮನುಷ್ಯ ಅವತ್ತು ತೆಗೆದರು. ‘ಗುಂಡಿ ಬಂದಾಗೆಲ್ಲ ಹೊಟ್ಟೆ ಹಿಡ್ಕೊಂಡು ನರಳ್ತಿತ್ತಮ್ಮ. ಸಮ ಇರೋ ಕಡೆ ಸುಮ್ನಿರ್ತಿತ್ತು.’ ಇವಳ ಮುಖ ಬದಲಾಯಿತು. ಶ್ರೀ ತಾನಿಯೇಲ ಅವರೇ, ಹೊಟ್ಟೆಯೊಳಗೆ ಉರಿ ಹತ್ತಿದ್ದರೆ ಸಣ್ಣ ಕುಲುಕೂ ಆಗುವುದಿಲ್ಲವಂತೆ. ನಿಮ್ಮ ರಸ್ತೆ ಅವತ್ತು ಒಂದು ಮಗುವಿನ ಪರೀಕ್ಷೆ ಮಾಡಿದೆ. ಹಾಗೆಂದು ಅದನ್ನು ಹಾಗೇ ಬಿಟ್ಟರೆ ನಾವು ಬಿಡುವುದಿಲ್ಲ.

ಆಗ ಇವಳು ಆ ಮಾತು ಹೇಳಿದಳು. ‘ಅತ್ತೆ, ನೀವು ಹೊರಗೆ ಹೋಗಿ.’

ಪಕ್ಕದ ಹಾಸಿಗೆಯಲ್ಲಿ ಕಾಲ್ಬೆರಳಿಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದ ಮುದುಕರು ಎದ್ದು ಕೂತರು. ನರ್ಸ್ ವಿಕಾ ಕೈಯಲ್ಲಿದ್ದ ಹತ್ತಿಯ ಉಂಡೆಯನ್ನು ಕೆಳಗೆ ಬಿಟ್ಟಳು. ನಮ್ಮ ಯಜಮಾನರು ಟ್ರಕ್ಕಿನ ಬೀಗ ಹಾಕಿದೆಯೇ ಎಂದು ನೋಡಲು ಓಡಿಹೋದರು. ನಾನು ಕುರ್ಚಿಯಿಂದ ಅಲುಗಲಿಲ್ಲ. ‘ಯಾರಿಗೆ ಹೇಳ್ತಿದೀಯ ಗೊತ್ತಾ?’ ಅಂದೆ. ‘ನಿನ್ನ ಅಪ್ಪನಿಗೇ ನನ್ನೆದುರು ಕಾಲು ಚಾಚೋ ಧೈರ್ಯ ಇಲ್ಲ. ನೀನು ನನ್ನ ಹೊರಗೆ ಕಳಿಸ್ತೀಯಾ?’

ಇವಳು ಏನು ಮಾಡಿದಳು ಗೊತ್ತೇ? ಕಿರುಚಿದಳೇ? ಇಲ್ಲ. ಕೈ ಮುಗಿದು ಅತ್ತಳೇ? ಅದೂ ಇಲ್ಲ. ಆ ಬಿಳಿ ಕೋಟಿನಲ್ಲೇ, ಆಸ್ಪತ್ರೆಯ ನೆಲದ ಮೇಲೆ, ನನ್ನ ಕಾಲ ಬಳಿ ಚಕ್ಕಳಮಕ್ಕಳ ಹಾಕಿ ಕೂತಳು. ಸೋದರತ್ತೆಯ ಮುಂದೆ ಹೇಗೆ ಕೂರಬೇಕೋ ಹಾಗೆ, ತಲೆ ತಗ್ಗಿಸಿ. ‘ಅತ್ತೆ, ನಾನು ಕೆಳಗೇ ಕೂತಿದೀನಿ. ನಿಮಗಿಂತ ಮೇಲೆ ಹೋಗಿಲ್ಲ. ಆದ್ರೆ ನೀವು ಇಲ್ಲಿರೋವರೆಗೂ ಈ ಮಗು ನಂಗೆ ನಿಜ ಹೇಳಲ್ಲ. ನಿಜ ಗೊತ್ತಾಗ್ದೆ ನಾನೇನೂ ಮಾಡೋಕಾಗಲ್ಲ. ಹೋಗಿ ಅತ್ತೆ.’ ಅವಳ ದನಿ ನಡುಗಲಿಲ್ಲ.

ಸಭಿಕರೇ, ನಾನು ಎದ್ದೆ. ಎದ್ದು ಹೊರಗೆ ಹೋದೆ.

ಹೊರಗೆ ಕೂರಲು ಏನಿತ್ತು ಹೇಳಿ? ಏನೂ ಇರಲಿಲ್ಲ! ಒಂದು ಮೆಟ್ಟಿಲು, ಅದರ ಮೇಲೊಂದು ನಾಯಿ. ನಾನು ಹೋಗು ಅಂದರೂ ಅದು ಏಳಲಿಲ್ಲ. ಅವತ್ತು ನನ್ನ ಮಾತನ್ನು ಯಾರಾದರೂ ಕೇಳುವ ದಿನವಾಗಿರಲಿಲ್ಲ. ಇಷ್ಟು ದೊಡ್ಡ ಮೈಯನ್ನು ನಾಯಿಯ ಪಕ್ಕದಲ್ಲಿ ಇಳಿಸಿ ಕೂತೆ. ಕಿಟಕಿಯ ಗಾಜಿನ ಪಟ್ಟಿಗಳು ತೆರೆದೇ ಇದ್ದವು. ಒಳಗಿನದೆಲ್ಲ ಕೇಳುತ್ತಿತ್ತು. ಕದ್ದು ಕೇಳಲಿಲ್ಲ, ಕಿವಿಗೆ ಬಿತ್ತು ಅಷ್ಟೇ.

‘ಈಗ ಹೇಳು ಪುಟ್ಟಿ.’

‘ಅಕ್ಕಾ... ನಿನ್ನೆಯಿಂದ ನೋವು. ಮೊದ್ಲು ಹೊಕ್ಕಳ ಹತ್ರ ಇತ್ತು. ಈಗ ಇಲ್ಲಿಗ್ ಬಂದಿದೆ.’

‘ಇನ್ನೊಂದ್ಸಲ ಹಾರ್ತೀಯಾ?’

‘ಆಗಲ್ಲ ಅಕ್ಕ. ಆಗ್ಲೇ ತುಂಬಾ ನೋವಾಯ್ತು. ಅತ್ತೆಗೆ ಹೇಳ್ಬೇಡ. ಅತ್ತೆ ತುಂಬಾ ಖುಷಿಯಾಗಿದಾರೆ.’

ನನಗೊಬ್ಬ ತಮ್ಮನಿದ್ದ, ಲಾತು. ಮೋಸೇಸೆಗಿಂತ ದೊಡ್ಡವನು. ಅವನ ವಿಷಯ ಈ ಚೀಟಿಯಲ್ಲಿಲ್ಲ. ಅತಿಥಿಗಳಿಗೆ ಗೊತ್ತಿರಲಿ ಎಂದು ಹೇಳುತ್ತೇನೆ, ಅಷ್ಟೇ. ನಮ್ಮಲ್ಲಿ ಅಕ್ಕನ ಎದುರಿಗೆ ತಮ್ಮನಾದವನು ಮೈಯ ಮಾತು ಆಡಬಾರದು. ಹೊಟ್ಟೆ, ಸೊಂಟ, ವಾಂತಿ, ಭೇದಿ ಒಂದೂ ಆಡಬಾರದು. ಅದು ಅಕ್ಕನಿಗೆ ಕೊಡುವ ಮರ್ಯಾದೆ. ಲಾತುವಿಗೆ ಹೊಟ್ಟೆನೋವು ಬಂದಾಗ ನಾನು ಅವನ ತಲೆಯ ಬಳಿ ಕೂತು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದೆ. ದೋಣಿಯಲ್ಲಿ ಬಂದ ಕಾಂಪೌಂಡರು, ‘ಎಲ್ಲಪ್ಪಾ ನೋವು?’ ಎಂದು ಕೇಳಿದರು. ಲಾತು ನನ್ನ ಕಡೆ ನೋಡಿದ. ‘ಎಲ್ಲೂ ಇಲ್ಲ’ ಅಂದ. ಅವರು ಎಷ್ಟು ಸಲ ಕೇಳಿದರೂ ಎಲ್ಲೂ ಇಲ್ಲ ಎಂದೇ ಅಂದ. ಒಂದು ಪುಡಿ ಕೊಟ್ಟು ಹೋದರು. ನಾನು ಗಾಳಿ ಹಾಕುವುದನ್ನು ನಿಲ್ಲಿಸಲೇ ಇಲ್ಲ. ಅವನನ್ನು ಮಣ್ಣು ಮಾಡಿದ ಮೇಲೆ ಎಲ್ಲರೂ ನನ್ನನ್ನು ಹೊಗಳಿದರು. ‘ಎಂಥ ಅಕ್ಕ! ಒಂದು ಗಳಿಗೆ ಪಕ್ಕ ಬಿಟ್ಟು ಏಳಲಿಲ್ಲ’ ಅಂದರು. ನಾನೂ ಮಗುವೇ ಆಗಿದ್ದೆ, ಅವನಿಗಿಂತ ಒಂದು ಗೇಣು ದೊಡ್ಡವಳು. ನನಗೆ ಯಾರೂ ಹೊರಗೆ ಹೋಗು ಅನ್ನಲಿಲ್ಲ. ಒಬ್ಬರಾದರೂ ಅಂದಿದ್ದರೆ ಹೋಗುತ್ತಿದ್ದೆ.

ಇರಲಿ. ಕಾರ್ಯದರ್ಶಿಗಳೇ, ಸ್ವಲ್ಪ ನೀರು ಕೊಡಿ.

ಎಲ್ಲಿದ್ದೆ? ಹಾಂ, ನಾಯಿಯ ಪಕ್ಕದಲ್ಲಿದ್ದೆ. ಅಷ್ಟರಲ್ಲಿ ಒಳಗೆ ಓಡಾಟ ಶುರುವಾಯಿತು. ಚಾಪೆ ಬಿಚ್ಚಿ ನೋಡಿದರೆ ಬಲಗಡೆ ಕೆಳಹೊಟ್ಟೆ ಮುಟ್ಟಲು ಬಿಡುತ್ತಿರಲಿಲ್ಲವಂತೆ. ರಕ್ತ ತೆಗೆದರು, ಮೂತ್ರ ನೋಡಿದರು. ಸ್ಕ್ಯಾನ್ ಮಾಡುವ ಹುಡುಗ ಪಕ್ಕದೂರಿನ ಚರ್ಚಿನಲ್ಲಿ ಹಾಡುತ್ತಿದ್ದ. ಅವನನ್ನು ಹಾಡಿನ ನಡುವೆಯೇ ಎಳೆದು ತಂದರು. ದೊಡ್ಡ ದ್ವೀಪಕ್ಕೆ ಕಳಿಸೋಣವೆಂದರೆ ಭಾನುವಾರ ನಮ್ಮಲ್ಲಿ ವಿಮಾನ ಹಾರುವುದಿಲ್ಲ. ಉಳಿದವರು ಡಾಕ್ಟರ್ ಫಿಫಿತಾ ಒಬ್ಬರೇ. ಅವರು ಆಗತಾನೇ ಹಬ್ಬದೂಟ ಮುಗಿಸಿ ಮಲಗಿದ್ದರು. ನಮ್ಮ ಯಜಮಾನರು ಹೋಗಿ ಅವರ ಬಾಗಿಲು ಬಡಿದ ರೀತಿಗೆ ಬಾಗಿಲ ಚಿಲಕ ಇವತ್ತಿಗೂ ಸರಿಯಾಗಿಲ್ಲ ಎಂದು ಕೇಳಿದ್ದೇನೆ.

ಕಲೋಲೈನೆ ಹೊರಗೆ ಬಂದು ನನ್ನ ಪಕ್ಕದಲ್ಲಿ, ಒಂದು ಮೆಟ್ಟಿಲು ಕೆಳಗೆ ಕೂತಳು. ‘ಅತ್ತೆ, ಅಪೆಂಡಿಕ್ಸು. ಈಗ್ಲೇ ಆಪರೇಷನ್ ಮಾಡ್ಬೇಕು. ಒಡೆದಿಲ್ಲ ಅಂದ್ಕೊಂಡಿದೀವಿ’ ಅಂದಳು. ‘ಮೋಸೇಸೆಗೆ ಏನು ಹೇಳ್ಲಿ?’ ಎಂದೆ. ‘ನಿನ್ನ ಮಗಳು ಧೈರ್ಯವಂತೆ ಅಂತ ಹೇಳಿ’ ಅಂದಳು. ಆಮೇಲೆ, ‘ಅತ್ತೆ, ಕೋಪಾನಾ?’ ಎಂದು ಕೇಳಿದಳು. ನಾನು ನಾಯಿಯ ತಲೆ ಸವರುತ್ತಾ ಕೂತೆ. ಇವತ್ತು ಇಷ್ಟು ಜನರ ಮುಂದೆ ಹೇಳುತ್ತೇನೆ, ಕೇಳಿಸಿಕೋ. ಕೋಪವಿರಲಿಲ್ಲ ಮಗಳೇ. ಆ ಮಾತಿಗಾಗಿ ನಾನು ಐವತ್ತು ವರ್ಷದಿಂದ ಕಾಯುತ್ತಿದ್ದೆ ಎಂದು ಆ ಮೆಟ್ಟಿಲ ಮೇಲೆ ನನಗೆ ತಿಳಿಯಿತು.

ಡಾಕ್ಟರ್ ಫಿಫಿತಾ ಅದನ್ನು ತೆಗೆದು ಡಬ್ಬಿಯಲ್ಲಿ ಹಾಕಿ ತೋರಿಸಿದರು. ಊದಿ ಕೆಂಪಗಾಗಿದ್ದ, ಕಿರುಬೆರಳಿಗಿಂತ ಕೊಂಚ ದಪ್ಪನೆಯ ಒಂದು ಹುಳುವಿನಂಥದು. ಒಡೆದಿರಲಿಲ್ಲ. ‘ಇನ್ನು ಸ್ವಲ್ಪ ತಡೆದಿದ್ರೆ ಒಡೀತಿತ್ತು, ವಿಷ ಹೊಟ್ಟೆಯೆಲ್ಲ ಹರಡ್ತಿತ್ತು’ ಅಂದರು. ಇಷ್ಟು ಸಣ್ಣದಕ್ಕೆ ಇಷ್ಟು ಜಂಭವೇ ಎಂದು ನಾನು ಅಂದುಕೊಂಡೆ. ನಮ್ಮ ಯಜಮಾನರು ಆ ಡಬ್ಬಿಯನ್ನೂ ಆಮೇಲೆ ನನ್ನನ್ನೂ ನೋಡಿದರು. ಅವರಿಗೆ ಮತ್ತೆ ಬಾಯಿ ಕಟ್ಟಿತ್ತು.

ಅಂದಿನಿಂದ ನಮ್ಮ ಕಲೋಲೈನೆ ಹೊಟ್ಟೆನೋವಿನ ಮಗು ಬಂದರೆ ಮೊದಲು ಕೇಳುವುದು ನೋವು ಎಲ್ಲಿ ಎಂದಲ್ಲ. ‘ಈ ಕೋಣೇಲಿ ಸೋದರತ್ತೆ ಯಾರು? ಅಕ್ಕತಂಗಿ ಯಾರು?’ ಎಂದು. ಯಾರಿದ್ದರೂ ಮರ್ಯಾದೆಯಿಂದ ಹೊರಗೆ. ಉಳಿದ ತಾಯಿಯೋ ಅಜ್ಜಿಯೋ ಬಾಯಿ ಮುಚ್ಚಿಕೊಂಡಿರಬೇಕು. ಆಮೇಲೆ ಮಗುವಿನ ಮಾತು. ಮೊದಮೊದಲು ಹೊರಗೆ ಬಂದ ಅತ್ತೆಯರು ಸಿಟ್ಟಿನಿಂದ ಅಂಗಳದಲ್ಲಿ ಸುತ್ತುತ್ತಿದ್ದರು. ಒಬ್ಬರು ಆಂಬುಲೆನ್ಸಿನೊಳಗೆ ಹೋಗಿ ಕೂತುಬಿಟ್ಟಿದ್ದರು. ಇಳಿಸಲು ಮೂವರು ಬೇಕಾದರು. ಆಗ ನನಗೆ ಬೆಂಚಿನ ಯೋಚನೆ ಬಂತು. ನಮ್ಮ ಚಾಪೆ ನೇಯುವ ಹೆಂಗಸರೆಲ್ಲ ಸೇರಿ ಮರ ಕೊಡಿಸಿದೆವು. ಗಟ್ಟಿಯಿದೆಯೇ ಎಂದು ನಮ್ಮ ಹಾಡುಗಾರರಲ್ಲಿ ದಪ್ಪ ದನಿಯವರನ್ನೆಲ್ಲ ಒಟ್ಟಿಗೆ ಕೂರಿಸಿ ನೋಡಿದ್ದೇವೆ. ಬೆಂಚು ಒಮ್ಮೆ ಕಿರ್ರೆಂದಿತು, ಅಷ್ಟೇ.

ಇನ್ನೊಂದು ಮಾತು. ಈ ಬೆಂಚಿನ ಮೇಲೆ ನನ್ನ ಹೆಸರು ಕೆತ್ತಿಸಬೇಕೆಂದು ಸಮಿತಿ ನಿರ್ಣಯ ಮಾಡಿತ್ತು. ಹೃತ್ಪೂರ್ವಕ ವಂದನೆಗಳು. ಆದರೆ ಬಟ್ಟೆ ಸರಿಸಿದಾಗ ಅಲ್ಲಿ ಫೂಸಿ ಎಂದು ಇರುವುದಿಲ್ಲ, ಲಾತು ಎಂದಿರುತ್ತದೆ. ಬಡಗಿಯನ್ನು ಬೈಯಬೇಡಿ. ನಾನೇ ಹೇಳಿ ಬರೆಸಿದ್ದು.

ಅಧ್ಯಕ್ಷರು ಮೂರನೆಯ ಸಲ ಗಡಿಯಾರ ನೋಡಿದರು. ಹಂದಿಯೂ ಬೆಂದಿದೆ. ರಸ್ತೆಗಾಗಿ ಶ್ರೀ ತಾನಿಯೇಲ ಅವರಿಗೆ, ಚಪ್ಪಲಿಗಾಗಿ ಪಾದ್ರಿಗಳಿಗೆ, ಚಿಲಕಕ್ಕಾಗಿ ಡಾಕ್ಟರ್ ಫಿಫಿತಾ ಅವರಿಗೆ, ಸರಿಯಾದ ಹೊತ್ತಿಗೆ ಬಾಯಿ ತೆಗೆದದ್ದಕ್ಕಾಗಿ ನಮ್ಮ ಯಜಮಾನರಿಗೆ, ಇಷ್ಟು ಹೊತ್ತು ಕೇಳಿದ್ದಕ್ಕಾಗಿ ನಿಮಗೆಲ್ಲರಿಗೂ ನನ್ನ ಧನ್ಯವಾದ. ಅದೋ, ಕಲೋಲೈನೆ ಎದ್ದು ಬಾಗಿಲ ಕಡೆ ಕೈ ತೋರಿಸುತ್ತಿದ್ದಾಳೆ. ಯಾವುದೋ ಮಗು ಬಂದಿರಬೇಕು. ಆ ಕೈ ನನಗೆ ಗೊತ್ತು. ಹೋಗುತ್ತೇನಮ್ಮ, ಹೋಗುತ್ತೇನೆ. ಈ ಸಲ ಹೇಳಿಸಿಕೊಳ್ಳುವುದಿಲ್ಲ. ಬನ್ನಿ ಅತ್ತೆಯರೇ, ಅಕ್ಕಂದಿರೇ, ತಂಗಿಯರೇ, ಎಲ್ಲರೂ ಬನ್ನಿ. ನನ್ನ ತಮ್ಮನ ಪಕ್ಕದಲ್ಲಿ, ಹೊರಗೆ ಕೂರೋಣ.

ನಮಸ್ಕಾರ.